ಹದಿನಾರನೆಯ ತುಂಡು

ಅರ್ವಿನ್ ಸ್ಕಾಗ್ಸ್ ಹದಿನೇಳು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಸಲ ಸತ್ತಿದ್ದ. ಓಡುವ ಕುದುರೆಯ ಮೇಲಿಂದ ಉರುಳಿ ಸತ್ತಿದ್ದ. ಸಾರಾಯಿ ಅಂಗಡಿಯ ಮಹಡಿಯ ಕಟಕಟೆ ಮುರಿದುಕೊಂಡು ಬಿದ್ದು ಸತ್ತಿದ್ದ. ಒಮ್ಮೆಯಂತೂ ಒಂದೇ ಚಿತ್ರದಲ್ಲಿ ಬೆಳಿಗ್ಗೆ ದರೋಡೆಕೋರನಾಗಿ, ಮಧ್ಯಾಹ್ನ ಟೋಪಿ ಬದಲಿಸಿ ಪೊಲೀಸಿನವನಾಗಿ, ಎರಡೂ ಕಡೆಯಿಂದ ಸತ್ತಿದ್ದ. ಹಾಲಿವುಡ್ಡಿನ ಅಗ್ಗದ ಕೌಬಾಯ್ ಚಿತ್ರಗಳಲ್ಲಿ ನಾಯಕನ ಪಿಸ್ತೂಲಿಗೆ ಒಬ್ಬ ಬೇಕಾದಾಗ ಮೊದಲು ನೆನಪಾಗುತ್ತಿದ್ದವನೇ ಅವನು. ಆದರೆ ಆ ಎಲ್ಲ ಚಿತ್ರಗಳಲ್ಲಿ ಅವನು ಆಡಿದ ಮಾತುಗಳನ್ನು ಒಟ್ಟುಗೂಡಿಸಿದರೂ ಒಂದು ಅಂಚೆ ಕಾರ್ಡು ತುಂಬುತ್ತಿರಲಿಲ್ಲ.

ಒಕ್ಲಹೋಮಾದ ಒಂದು ರೈಲ್ವೆ ಊರಿನಲ್ಲಿ ಕ್ಷೌರಿಕನ ಮಗನಾಗಿ ಹುಟ್ಟಿದವನು ಅರ್ವಿನ್. ಊರಿನವರೆಲ್ಲ ತಮ್ಮ ಗಡ್ಡವನ್ನು ತಾವೇ ಕೆರೆದುಕೊಳ್ಳತೊಡಗಿದ ಬಡತನದ ಕಾಲದಲ್ಲಿ, ಹದಿನೇಳನೆಯ ವಯಸ್ಸಿಗೆ, ಅವನು ಗೂಡ್ಸ್ ರೈಲು ಹತ್ತಿದ. ನಾಲ್ಕು ವರ್ಷ ಅಮೆರಿಕದ ಉದ್ದಗಲವನ್ನು ಹಾಗೆಯೇ ಅಳೆದ. ವಯೋಮಿಂಗಿನ ಒಂದು ದನದ ಹಟ್ಟಿಯಲ್ಲಿ ಕುದುರೆ ಪಳಗಿಸುವುದನ್ನು ಕಲಿತ. ಆ ವಿದ್ಯೆಯನ್ನೇ ನಂಬಿ ಲಾಸ್ ಏಂಜಲೀಸಿಗೆ ಬಂದಿಳಿದ. ಕುದುರೆಯ ಮೇಲೆ ಕೂರಬಲ್ಲವರು ಅಲ್ಲಿ ಬೇಕಾದಷ್ಟಿದ್ದರು, ಬೀಳಬಲ್ಲವರು ಕಡಿಮೆ. ಅರ್ವಿನ್ ಬೀಳುವುದನ್ನೇ ಬದುಕಾಗಿಸಿಕೊಂಡ. ಸ್ಟುಡಿಯೊದ ಉಡುಪಿನ ವಿಭಾಗದಲ್ಲಿ ಗುಂಡು ತಗುಲಿದ ಅಂಗಿಗಳ ತೂತು ಹೊಲಿಯುತ್ತಿದ್ದ ಡೆಲ್ಫಾ ಎಂಬವಳು, 'ಈ ತಿಂಗಳು ನಿನ್ನ ಅಂಗಿ ನಾಲ್ಕನೇ ಸಲ ಬಂತು, ಸ್ವಲ್ಪ ದಿನ ಬದುಕಿರಬಾರದಾ?' ಎಂದು ಕೇಳಿದ್ದೇ ನೆಪವಾಗಿ ಇಬ್ಬರ ಮದುವೆಯೂ ಆಯಿತು.

ಹೀಗಿರುವಾಗ 1949ರಲ್ಲಿ ಒಂದು ಕುದುರೆ ಅವನ ಎಡಗಾಲಿನ ಮೇಲೆಯೇ ಮಗುಚಿತು. ಮಂಡಿ ಪುಡಿಯಾಯಿತು. ಇನ್ನೊಮ್ಮೆ ಬಿದ್ದರೆ ಊರುಗೋಲೇ ಗತಿ ಎಂದು ವೈದ್ಯರು ಖಂಡಿತವಾಗಿ ಹೇಳಿದರು.

ಆ ಕಷ್ಟದ ದಿನಗಳಲ್ಲಿ ಅವನನ್ನು ಗುರುತಿಸಿದವನು ಹಂಗೇರಿಯಿಂದ ವಲಸೆ ಬಂದ ನಿರ್ದೇಶಕ ಹೋರ್ವಾಟ್. ಯಾವುದೋ ಹಳೆಯ ಚಿತ್ರವನ್ನು ನೋಡುತ್ತಿದ್ದಾಗ, ಧೂಳಿನಲ್ಲಿ ಹೆಣವಾಗಿ ಬಿದ್ದವನೊಬ್ಬನನ್ನು ತೋರಿಸಿ, "ಯಾರು ಈತ? ಸತ್ತ ಮೇಲೂ ಏನೋ ಯೋಚನೆ ಮಾಡ್ತಾ ಇದಾನಲ್ಲ!" ಎಂದು ಕೇಳಿದನಂತೆ. ಹಾಲ್‌ಸ್ಟೆಡ್ ಸ್ಟುಡಿಯೊ ಅರ್ವಿನ್‌ನನ್ನು ಕರಾರಿಗೆ ತೆಗೆದುಕೊಂಡಿತು. ಆದರೆ ಆ ಕಾಲದ ಕರಾರುಗಳು ಒಮ್ಮುಖದ ಬಾಗಿಲುಗಳಂತಿದ್ದವು. ನಟ ಬಿಟ್ಟುಹೋಗುವಂತಿಲ್ಲ, ಸ್ಟುಡಿಯೊ ಮಾತ್ರ ಆರು ತಿಂಗಳಿಗೊಮ್ಮೆ, ಕಾರಣ ಹೇಳದೆ, ಕೈಬಿಡಬಹುದು. ಐದು ತಿಂಗಳು ಅವನಿಗೆ ಕೆಲಸವನ್ನೇ ಕೊಡದೆ ಕೂರಿಸಿದರು. ಆರನೆಯ ತಿಂಗಳಲ್ಲಿ, ಹೋರ್ವಾಟನ ಹಟದಿಂದ, ಒಂದು ದೊಡ್ಡ ಚಿತ್ರದಲ್ಲಿ ಒಂದೇ ಒಂದು ದೃಶ್ಯ ಸಿಕ್ಕಿತು. ಸ್ಟುಡಿಯೊದ ಯಜಮಾನ ಹಾಲ್‌ಸ್ಟೆಡ್ ಆ ದೃಶ್ಯವನ್ನು ಪ್ರೇಕ್ಷಕರ ನಡುವೆ ಕುಳಿತು ನೋಡಿ, ಅರ್ವಿನ್ ಉಳಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವನಿದ್ದ. ಬಿದ್ದು ಬದುಕಲು ಇನ್ನು ಕಾಲಿರಲಿಲ್ಲ. ನಿಂತು ಬದುಕಲು ಇದ್ದದ್ದು ಈ ಒಂದು ದೃಶ್ಯ.

ದೃಶ್ಯವಾದರೂ ಸರಳವಾದದ್ದು. ಹನ್ನೊಂದು ವರ್ಷ ಸೆರೆಮನೆಯಲ್ಲಿದ್ದು ಆಗ ತಾನೇ ಬಿಡುಗಡೆಯಾದವನೊಬ್ಬ ಬಸ್ ನಿಲ್ದಾಣದ ಹೋಟೆಲಿನಲ್ಲಿ ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಸಿಹಿ ಪೈ ತಿನ್ನುತ್ತಿದ್ದಾನೆ. ಊರಿನ ಪೊಲೀಸ್ ಅಧಿಕಾರಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಎಲ್ಲಿಗೆ ಹೊರಟೆ ಎಂದು ಕೇಳುತ್ತಾನೆ. ಎಲ್ಲಿಗೆ ಬಸ್ಸಿದೆಯೋ ಅಲ್ಲಿಗೆ ಎಂದು ಇವನು. ಅಲ್ಲಿ ನಿನಗೆ ಯಾರಿದ್ದಾರೆ ಎಂದು ಅವನು. ಯಾರೂ ಇಲ್ಲ ಅಂತಲೇ ಹೋಗುವುದು ಎಂದು ಇವನು. ಅಷ್ಟೇ. ಅಧಿಕಾರಿಯ ಪಾತ್ರ ಲೈಲ್ ಕಾರ್ಬಿನ್‌ನದು. ಆ ವರ್ಷ ದೇಶದಲ್ಲಿ ಅವನಿಗಿಂತ ದೊಡ್ಡ ನಾಯಕನಟ ಇಬ್ಬರೋ ಮೂವರೋ ಇದ್ದಿರಬಹುದು.

ಬೆಳಿಗ್ಗೆ ಒಂಬತ್ತಕ್ಕೆ ದೂರದ ಶಾಟ್ ಶುರುವಾಯಿತು. ಹೋಟೆಲಿನಲ್ಲಿ ತಟ್ಟೆಯಿಟ್ಟು ತಿನ್ನುವ ಉದ್ದನೆಯ ಕಟ್ಟೆ, ಬಾಗಿಲು, ಇಬ್ಬರೂ ನಟರು, ಎಲ್ಲವೂ ಒಟ್ಟಿಗೆ ಕಾಣುವ ಶಾಟ್ ಅದು.

"ತಿನ್ನೋದು ನಿಮ್ಮಿಷ್ಟ, ಸ್ಕಾಗ್ಸ್. ಹೇಗೆ ಬರುತ್ತೋ ಹಾಗೆ ತಿನ್ನಿ," ಎಂದ ಹೋರ್ವಾಟ್.

ಈ ದೃಶ್ಯದ ಯೋಚನೆಯಲ್ಲಿ ಅರ್ವಿನ್ ಹಿಂದಿನ ದಿನದಿಂದ ಏನನ್ನೂ ತಿಂದಿರಲಿಲ್ಲ. ಕ್ಯಾಮೆರಾ ತಿರುಗಿತು. ಅವನು ಪೈ ತುಂಡನ್ನು ಮೂರೇ ಮೂರು ತುತ್ತಿಗೆ ಮುಗಿಸಿದ. ಮೊದಲ ಉತ್ತರವಾದ ಕೂಡಲೇ ಒಂದು ತುತ್ತು, ಕಾರ್ಬಿನ್ ಎರಡನೆಯ ಪ್ರಶ್ನೆ ಕೇಳುತ್ತಿರುವಾಗ ಇನ್ನೊಂದು, ತನ್ನ ಕೊನೆಯ ಮಾತಿಗೆ ಮುಂಚೆ ಮೂರನೆಯದು. ತಟ್ಟೆ ಹೊಳೆಯಿತು. ನಿಜವಾದ ಹಸಿವು, ನಿಜವಾದ ಬಾಯಿ.

"ಕಟ್! ಚೆನ್ನಾಗಿದೆ," ಎಂದ ಹೋರ್ವಾಟ್.

ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿಕೊಂಡು ಪ್ರತಿಯೊಂದು ಶಾಟಿನ ವಿವರವನ್ನೂ ಬರೆದುಕೊಳ್ಳುವ ವರ್ನಾ ತನ್ನ ಪುಸ್ತಕದಲ್ಲಿ ಮೂರು ತುತ್ತುಗಳನ್ನೂ ಅವುಗಳ ಜಾಗಗಳನ್ನೂ ಬರೆದಳು. ಅದನ್ನು ಕಂಡು, ಸೆಟ್ಟಿನ ತಟ್ಟೆ ಲೋಟಗಳ ಉಸ್ತುವಾರಿ ನೋಡುವ ಮುದುಕ ಮಿಲ್ಟ್ ಪೊಡೆಸ್ಟಾ ಹಣೆ ಚಚ್ಚಿಕೊಂಡ. ಇನ್ನೊಂದು ತುಂಡನ್ನು ತಟ್ಟೆಗಿಡುತ್ತಾ ಪಿಸುಗುಟ್ಟಿದ:

"ಎಂಥ ಕೆಲಸ ಮಾಡ್ಕೊಂಡ್ಯೋ ಮಾರಾಯ! ಯಾರಾದ್ರೂ ದೂರದ ಶಾಟಲ್ಲಿ ನಿಜವಾಗ್ಲೂ ತಿಂತಾರಾ?"

"ತಿನ್ನು ಅಂದ್ರಲ್ಲ?"

"ತಿನ್ನು ಅಂದ್ರೆ ಕಾಫಿ ಕಲಕು, ಫೋರ್ಕಲ್ಲಿ ಒಂಚೂರು ಕೆದಕು, ಅಷ್ಟೇ! ಈಗ ವರ್ನಾ ಬರ್ಕೊಂಡ್ಳು. ಇವತ್ತು ಇಡೀ ದಿನ ಇದೇ ದೃಶ್ಯಾನ ದೂರದಿಂದ, ಹತ್ತಿರದಿಂದ ಮತ್ತೆ ಮತ್ತೆ ತೆಗೀತಾರೆ. ಎಷ್ಟು ಸಲ ಕ್ಯಾಮೆರಾ ತಿರುಗುತ್ತೋ ಅಷ್ಟು ಸಲ ಮೂರು ತುತ್ತು. ಅದೇ ಮಾತಿಗೆ ಅದೇ ತುತ್ತು. ಇಲ್ಲಾಂದ್ರೆ ಒಂದು ಶಾಟ್ ಇನ್ನೊಂದಕ್ಕೆ ಹೊಂದಲ್ಲ, ಕತ್ತರಿಸಿ ಬಿಸಾಕ್ತಾರೆ. ಯಾರನ್ನ? ನಿನ್ನನ್ನ."

ಸಾಯುವುದರಲ್ಲಿ ಪಳಗಿದವನಿಗೆ ತಿನ್ನುವುದರ ಈ ಗುಟ್ಟು ತಿಳಿದಿರಲಿಲ್ಲ. ಹೆಣಗಳಿಗೆ ಯಾರೂ ಊಟ ಬಡಿಸುವುದಿಲ್ಲವಲ್ಲ.

ದೂರದ ಶಾಟ್ ಒಪ್ಪಿಗೆಯಾಗುವಷ್ಟರಲ್ಲಿ ಆರು ಟೇಕ್ ಆದವು. ಆರು ತುಂಡು ಪೈ ಅರ್ವಿನ್‌ನ ಹೊಟ್ಟೆ ಸೇರಿತು. ಮಿಲ್ಟ್ ಒಂದು ತಗಡಿನ ಬಕೆಟ್ಟನ್ನು ತಂದು ಕಟ್ಟೆಯ ಅಡಿಯಲ್ಲಿಟ್ಟ.

"ಕಟ್ ಅಂದ ತಕ್ಷಣ ಇದ್ರಲ್ಲಿ ಉಗಿ. ನಾಚ್ಕೆ ಪಡ್ಬೇಡ. ದೊಡ್ಡ ದೊಡ್ಡ ನಾಯಕಿಯರೇ ಉಗುಳಿದಾರೆ ಇದರೊಳಗೆ."

ಬದಿಯಿಂದ ತೆಗೆದ ಮುಂದಿನ ಶಾಟಿನ ಮೊದಲ ಟೇಕ್ ಮುಗಿದಾಗ ಅರ್ವಿನ್ ಬಕೆಟ್ಟಿನ ಮೇಲೆ ಬಾಗಿದ. ಬಾಯಿ ತೆರೆಯಿತು. ಆದರೆ ಉಗುಳಲಾಗಲಿಲ್ಲ. ಮತ್ತೆ ಬಾಯಿ ಮುಚ್ಚಿ, ಅಗಿದು, ನುಂಗಿದ.

"ಏನಾಯ್ತೋ?"

"ಆಗಲ್ಲ ಮಿಲ್ಟ್. ಬಾಯಿಗೆ ಹೋದದ್ದನ್ನ ಹೊರಗೆ ಹಾಕೋಕೆ ನಂಗೆ ಬರಲ್ಲ."

ಮಿಲ್ಟ್ ಅವನ ಮುಖವನ್ನೊಮ್ಮೆ ನೋಡಿದ. ಆ ಬಡತನದ ವರ್ಷಗಳನ್ನು ತಾನೂ ಕಂಡವನಾದ್ದರಿಂದ ಮತ್ತೇನನ್ನೂ ಕೇಳದೆ, ಕಾಲಿನಿಂದ ಬಕೆಟ್ಟನ್ನು ಪಕ್ಕಕ್ಕೆ ತಳ್ಳಿದ. ತುಂಡುಗಳನ್ನು ಮಾತ್ರ ಒಂದಿಷ್ಟು ತೆಳ್ಳಗೆ ಕೊಯ್ಯತೊಡಗಿದ. ವರ್ನಾ ಅದನ್ನು ಕಂಡೂ ಕಾಣದಂತೆ ಕುಳಿತಳು.

ಮಧ್ಯಾಹ್ನದ ನಂತರ ಕಾರ್ಬಿನ್‌ನ ಸರದಿ. ಅರ್ವಿನ್‌ನ ಕೈ ಮತ್ತು ದವಡೆಯ ಅಂಚು ಮಾತ್ರ ಕಾಣುವಂತೆ, ಉಳಿದದ್ದೆಲ್ಲ ಕಾರ್ಬಿನ್‌ನ ಮುಖವೇ ಆಗಿರುವಂತೆ ಕ್ಯಾಮೆರಾ ಇಟ್ಟರು. ದವಡೆ ಕಂಡ ಮೇಲೆ ತಿನ್ನಲೇಬೇಕು. ಕಾರ್ಬಿನ್ ಕೆಟ್ಟವನಲ್ಲ, ಆದರೆ ಹಿಂದಿನ ಸಂಜೆಯ ಔತಣದ ಗುಂಗು ಇನ್ನೂ ಇಳಿದಿರಲಿಲ್ಲ. ಮಾತು ಮರೆತ. ನಕ್ಕ. ಮತ್ತೆ ಮರೆತ.

"ಕ್ಷಮಿಸಪ್ಪಾ ಸ್ಕಾಗ್ಸ್. ಎಷ್ಟಾಯ್ತು ಇದು?"

"ಹನ್ನೆರಡು, ಮಿಸ್ಟರ್ ಕಾರ್ಬಿನ್."

"ಅಯ್ಯೋ ದೇವರೇ. ನೋಡಿ ಹೋರ್ವಾಟ್, ನಾನು ಬೇಗ ಕಲೀದಿದ್ರೆ ಈ ಮನುಷ್ಯ ಹೊಟ್ಟೆ ಒಡೆದು ಸಾಯ್ತಾನೆ. ಆ ಸಾವನ್ನೂ ಚೆನ್ನಾಗೇ ಸಾಯ್ತಾನೆ ಬಿಡಿ, ಅಭ್ಯಾಸ ಇದೆ!"

ಸೆಟ್ಟಿನಲ್ಲಿದ್ದವರೆಲ್ಲ ನಕ್ಕರು. ಅರ್ವಿನ್ ಕೂಡ ನಕ್ಕ. ನಗುವಾಗ ಪಕ್ಕೆಯಲ್ಲಿ ಚುಚ್ಚಿದಂತಾಯಿತು. ಹದಿನೈದನೆಯ ತುಂಡಿಗೆ ಕಾರ್ಬಿನ್‌ನ ಕೆಲಸ ಮುಗಿಯಿತು. ಅವನು ಎಲ್ಲರಿಗೂ ಕೈಬೀಸಿ ತನ್ನ ಕೋಣೆಗೆ ಹೊರಟುಹೋದ. ದೊಡ್ಡ ನಟರು ತಮ್ಮ ಮುಖದ ಶಾಟ್ ಮುಗಿದ ಮೇಲೆ ನಿಲ್ಲುವ ಪದ್ಧತಿ ಅಲ್ಲಿರಲಿಲ್ಲ. ಚಿಕ್ಕವರ ಸರದಿ ಬಂದಾಗ ದೊಡ್ಡವರ ಮಾತುಗಳನ್ನು ಓದಿಹೇಳಲು ವರ್ನಾ ಇದ್ದಳು. ಕಿರಾಣಿ ಪಟ್ಟಿ ಓದುವಂತೆ ಓದುತ್ತಿದ್ದಳು.

ಬೆಳಕನ್ನು ತಿರುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅರ್ವಿನ್ ಕಟ್ಟೆಯ ಮುಂದಿನ ಎತ್ತರದ ಸ್ಟೂಲಿನ ಮೇಲೆಯೇ ಕುಳಿತಿದ್ದ. ಎದ್ದರೆ ಮತ್ತೆ ಕೂರಲಾಗುವುದಿಲ್ಲ ಎಂಬ ಹೆದರಿಕೆ. ಎದುರಿಗೆ ಹೊಸ ತಟ್ಟೆ ಬಂತು. ದಾಲ್ಚಿನ್ನಿಯ ವಾಸನೆ ಮೂಗಿಗೆ ಬಡಿದೊಡನೆ ಮುಖವನ್ನು ಪಕ್ಕಕ್ಕೆ ತಿರುಗಿಸಿದ. ಈಗ ಬರುವುದು ಅವನ ಕ್ಲೋಸ್-ಅಪ್. ಹದಿನೇಳು ವರ್ಷಗಳಲ್ಲಿ ಮೊದಲನೆಯದು. ಕ್ಯಾಮೆರಾ ಅವನ ಮುಖದಿಂದ ಮೂರಡಿ ದೂರದಲ್ಲಿತ್ತು. ಹನ್ನೊಂದು ವರ್ಷದ ಹಸಿವನ್ನು ಆ ಮುಖದ ಮೇಲೆ ತೋರಿಸಬೇಕಾಗಿತ್ತು. ಹಸಿವಾದರೋ ಬೆಳಿಗ್ಗೆಯೇ ಖರ್ಚಾಗಿಹೋಗಿತ್ತು.

"ಆಗುತ್ತಾ?" ಎಂದ ಮಿಲ್ಟ್ ಮೆಲ್ಲಗೆ. "ಆಗಲ್ಲ ಅಂದ್ರೆ ಹೇಳ್ತೀನಿ. ನಾಳೆಗೆ ಇಟ್ಕೊಳ್ಳಲಿ."

"ನಾಳೆ ಈ ಸೆಟ್ ಕಿತ್ತು ಹಾಕ್ತಾರಂತೆ."

"ಕಿತ್ರೆ ನಿನ್ನ ಮುಖದ ಶಾಟೇ ಇರಲ್ವಲ್ಲೋ."

"ಅದಕ್ಕೇ ಇವತ್ತೇ ಆಗ್ಬೇಕು."

ಅವನು ಹಸಿವನ್ನು ನೆನಪಿಸಿಕೊಳ್ಳಲು ಯತ್ನಿಸಿದ. ನೆಬ್ರಾಸ್ಕಾದ ಚಳಿಗಾಲಗಳನ್ನೂ, ಬ್ರೆಡ್ಡಿಗಾಗಿ ನಿಂತ ಸಾಲುಗಳನ್ನೂ ಒಂದೊಂದಾಗಿ ಕರೆದ. ಯಾವುದೂ ಬರಲಿಲ್ಲ. ತುಂಬಿದ ಹೊಟ್ಟೆ ಎಲ್ಲವನ್ನೂ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿತ್ತು. ಕೊನೆಗೆ ಬಂದದ್ದು ಅವನು ಕರೆಯದೇ ಇದ್ದ ಒಂದು ನೆನಪು. ರೈಲು ನಿಂತ ಯಾವುದೋ ಹಳ್ಳಿ. ಮೂರು ಮನೆಗಳ ಹಿತ್ತಿಲ ಬಾಗಿಲು ತಟ್ಟಿದ್ದ. ಅಂದು ಏನು ಸುದಿನವೋ, ಮೂರು ಮನೆಯವರೂ ತಟ್ಟೆ ತುಂಬ ಕೊಟ್ಟಿದ್ದರು. ಮೂರನೆಯ ತಟ್ಟೆಯ ಹೊತ್ತಿಗೆ ಹೊಟ್ಟೆ ಬಿರಿಯುತ್ತಿತ್ತು. ಆದರೂ ತಿಂದ. ರುಚಿಗಲ್ಲ, ಹಸಿವಿಗೂ ಅಲ್ಲ. ನಾಳೆ ಯಾವ ಬಾಗಿಲು ತೆರೆಯುತ್ತದೋ ತಿಳಿಯದ್ದರಿಂದ ತಿಂದ. ತಟ್ಟೆಯ ಕಡೆ ಅವನು ನೋಡಿರಲೇ ಇಲ್ಲ. ಯಾರಾದರೂ ಬಂದು ಕಸಿದುಕೊಂಡಾರೆಂದು ಬಾಗಿಲನ್ನೇ ನೋಡುತ್ತಿದ್ದ.

"ಕ್ಯಾಮೆರಾ," ಎಂದ ಹೋರ್ವಾಟ್.

"ಎಲ್ಲಿಗೆ ಹೊರಟೆ," ಎಂದು ವರ್ನಾ ಓದಿದಳು.

ಅರ್ವಿನ್‌ನ ಎಡಗೈ ತಾನಾಗಿ ತಟ್ಟೆಯನ್ನು ಬಳಸಿತು, ಬೇಲಿಯಂತೆ. ಕಣ್ಣು ಬಾಗಿಲಿನ ಕಡೆ ಹೋಯಿತು. "ಎಲ್ಲಿಗೆ ಬಸ್ಸಿದ್ಯೋ ಅಲ್ಲಿಗೆ," ಎಂದ. ಮೊದಲ ತುತ್ತನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದ, ಎಣಿಸಿ ಅಗಿಯುವವನಂತೆ.

"ಅಲ್ಲಿ ನಿನಗೆ ಯಾರಿದ್ದಾರೆ," ಎಂದು ವರ್ನಾ ಓದಿದಳು. ಯಾವ ಭಾವವೂ ಇಲ್ಲದ ಆ ಧ್ವನಿ ಅವನಿಗೆ ಈ ಸಲ ತಕ್ಕದ್ದೇ ಎನಿಸಿತು. ಕೆಲಸವಿಲ್ಲದವರನ್ನು ಕಚೇರಿಗಳಲ್ಲಿ ಹೀಗೆಯೇ ವಿಚಾರಿಸುತ್ತಿದ್ದರು.

ಎರಡನೆಯ ತುತ್ತು ಹೋಯಿತು. ಮೂರನೆಯದು ಫೋರ್ಕಿನ ತುದಿಯವರೆಗೆ ಬಂದು ನಿಂತಿತು. ಅವನು ಅದನ್ನು ಮತ್ತೆ ತಟ್ಟೆಗಿಳಿಸಿದ. ಕಾಗದದ ಕರವಸ್ತ್ರವೊಂದನ್ನು ಎಳೆದುಕೊಂಡು, ಆ ತುತ್ತನ್ನು ಅದರಲ್ಲಿ ಜೋಪಾನವಾಗಿ ಸುತ್ತಿ, ಕೋಟಿನ ಒಳಜೇಬಿಗೆ ಸೇರಿಸಿದ. ಜೇಬಿನ ಮೇಲೆ ಒಮ್ಮೆ ಕೈಯಾಡಿಸಿ ನೋಡಿಕೊಂಡ.

"ಯಾರೂ ಇಲ್ಲ ಅಂತಲೇ ಹೋಗೋದು," ಎಂದ.

ಹೋರ್ವಾಟ್ ಕಟ್ ಎನ್ನಲಿಲ್ಲ. ಕ್ಯಾಮೆರಾದೊಳಗಿನ ಫಿಲ್ಮ್ ಮುಗಿದು ಸುರುಳಿ ಬರಿದೇ ಪಟಪಟ ಸದ್ದು ಮಾಡುವವರೆಗೂ ಸುಮ್ಮನೆ ನಿಂತಿದ್ದ. ಮೊದಲು ಮಾತಾಡಿದವಳು ವರ್ನಾ.

"ಹೊಂದಲ್ಲ. ಕೈ ಹೊಂದಲ್ಲ, ಕಣ್ಣು ಹೊಂದಲ್ಲ. ಬೆಳಿಗ್ಗೆ ಮೂರು ತುತ್ತು, ಈಗ ಎರಡು. ಒಂದು ಜೇಬಲ್ಲಿದೆ! ದೂರದ ಶಾಟಿಗೆ ಇದನ್ನ ಅಂಟಿಸೋಕೇ ಆಗಲ್ಲ, ಮಿಸ್ಟರ್ ಹೋರ್ವಾಟ್."

ಅರ್ವಿನ್ ಫೋರ್ಕನ್ನು ಕೆಳಗಿಟ್ಟ. ಇದೇ ತನ್ನ ಕೊನೆಯ ಸಾವು ಎಂದುಕೊಂಡ. "ತಪ್ಪಾಯ್ತು ಸಾರ್. ಇನ್ನೊಂದ್ಸಲ ಕೊಡಿ, ಬೆಳಿಗ್ಗೆ ಹಾಗೇ ಮೂರೂ ತಿಂತೀನಿ."

"ತಿನ್ನಬೇಡಿ!" ಹೋರ್ವಾಟ್ ಕೂಗಿಯೇಬಿಟ್ಟ. "ದಯವಿಟ್ಟು ತಿನ್ನಬೇಡಿ. ವರ್ನಾ, ನೀವು ಹೇಳಿದ್ದು ಸರಿ. ಎರಡೂ ಹೊಂದಲ್ಲ. ಒಂದನ್ನ ಬಿಸಾಕ್ಬೇಕು. ಬೆಳಿಗ್ಗೆದನ್ನ ಬಿಸಾಕಿ."

"ಯಾವುದನ್ನ?"

"ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದ ಊಟದವರೆಗೆ ತೆಗೆದದ್ದನ್ನೆಲ್ಲ. ದೂರದ ಶಾಟ್ ಮತ್ತೆ ಇಡಿ. ಅದು ಇವರಿಗೆ ಹೊಂದಬೇಕು. ಲೈಲ್‌ನ ಕರೀರಿ."

ಸೆಟ್ಟಿನ ಮೇಲಿನ ಅಟ್ಟಣಿಗೆಯಲ್ಲಿ ದೀಪಗಳನ್ನು ನೋಡಿಕೊಳ್ಳುತ್ತಿದ್ದವನೊಬ್ಬ ಉದ್ದಕ್ಕೆ ಸಿಳ್ಳೆ ಹಾಕಿದ. ದೂರದ ಶಾಟಿಗೆ ಹತ್ತಿರದ ಶಾಟ್ ಹೊಂದಬೇಕೆಂಬುದು ಆ ಊರಿನ ಕಟ್ಟಳೆ. ಹತ್ತಿರದ್ದಕ್ಕೆ ದೂರದ್ದನ್ನು, ಅದರಲ್ಲೂ ಒಬ್ಬ ಸಣ್ಣ ನಟನ ಕ್ಲೋಸ್-ಅಪ್‌ಗಾಗಿ ಕಾರ್ಬಿನ್‌ನಂಥವನನ್ನು ಮರಳಿ ಕರೆಸಿ ಹೊಂದಿಸಿದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ.

ಕಾರ್ಬಿನ್ ಬಂದ. ಅರ್ಧ ಮುಖದ ಬಣ್ಣ ಒರೆಸಿಯಾಗಿತ್ತು, ಇನ್ನರ್ಧದಲ್ಲಿ ಅಧಿಕಾರಿಯಿದ್ದ.

"ಏನ್ರೀ ಇದು ತಮಾಷೆ? ನಂಗೆ ಏಳು ಗಂಟೆಗೆ ಊಟಕ್ಕೆ ಜನ ಬರ್ತಾರೆ. ಇವನು ಅಂಥದ್ದೇನು ಮಾಡ್ದ?"

"ನಾನು ಹೇಳಲ್ಲ," ಎಂದ ಹೋರ್ವಾಟ್. "ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಿಮ್ಮ ಮಾತು ನೀವು ಹೇಳಿ."

ಬಣ್ಣ ಸರಿಪಡಿಸಿದರು, ಕ್ಯಾಮೆರಾವನ್ನು ಹಿಂದಕ್ಕೆಳೆದರು. ಕಾರ್ಬಿನ್ ಬಂದು ಕುಳಿತು ಮೊದಲ ಪ್ರಶ್ನೆ ಕೇಳಿದ. ಅರ್ವಿನ್ ಬಾಗಿಲು ನೋಡುತ್ತ ಉತ್ತರ ಕೊಟ್ಟು, ತಟ್ಟೆಗೆ ಕೈ ಬಳಸಿ ಅಗಿಯತೊಡಗಿದ. ಕಾರ್ಬಿನ್ ಎರಡನೆಯ ಪ್ರಶ್ನೆಗೆ ಬಾಯಿ ತೆರೆದ. ಆ ಕೈಯನ್ನು ನೋಡಿದ. ಬಾಯಿ ಹಾಗೆಯೇ ಮುಚ್ಚಿತು. ಹಾಲಿವುಡ್ಡಿನ ಮಾತುಗಾರನೆಂದು ಹೆಸರಾದವನು ಆ ಮನುಷ್ಯನ ದವಡೆ ನಿಲ್ಲುವವರೆಗೆ ಕಾದ, ಆಮೇಲೆ, ಕೇಳಬಾರದ್ದನ್ನು ಕೇಳುವವನಂತೆ ದನಿ ತಗ್ಗಿಸಿ, "ಅಲ್ಲಿ ನಿನಗೆ ಯಾರಿದ್ದಾರೆ?" ಎಂದ.

ಕಟ್ ಆದಾಗ ಕಾರ್ಬಿನ್ ಸ್ಟೂಲಿನಿಂದ ಏಳಲಿಲ್ಲ.

"ಇಡೀ ದಿನ ಇವನ ಪಕ್ಕದಲ್ಲೇ ಕೂತಿದ್ನಲ್ಲ. ಎಲ್ಲಿ ನೋಡ್ತಾ ಇದ್ದೆ ನಾನು?" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಹೋರ್ವಾಟನ ಕಡೆ ತಿರುಗಿದ. "ಮಧ್ಯಾಹ್ನ ತೆಗೆದ ನನ್ನ ಮುಖಾನೂ ಬಿಸಾಕಿ. ಮತ್ತೆ ಮಾಡೋಣ."

"ಊಟಕ್ಕೆ ಜನ ಬರ್ತಾರೆ ಅಂದ್ರಿ?"

"ಬರ್ಲಿ, ಕಾಯ್ಲಿ. ಸ್ಕಾಗ್ಸ್, ಇನ್ನೂ ತಿನ್ನೋಕೆ ಆಗುತ್ತೇನಪ್ಪಾ?"

"ಈಗ ಎರಡೇ ತುತ್ತಲ್ವಾ, ಮಿಸ್ಟರ್ ಕಾರ್ಬಿನ್."

"ಲೈಲ್ ಅನ್ನು."

ಎರಡು ತಿಂಗಳ ನಂತರ ಕಿತ್ತಳೆ ತೋಟಗಳ ನಡುವಿನ ಒಂದು ಸಣ್ಣ ಊರಿನ ಚಿತ್ರಮಂದಿರದಲ್ಲಿ, ಹೆಸರು ಹೇಳದೆ, ಸಂಜೆಯ ಆಟಕ್ಕೆ ಆ ಚಿತ್ರವನ್ನು ತೋರಿಸಿದರು. ಹೊಸ ಚಿತ್ರಗಳನ್ನು ಹೀಗೆ ದೂರದೂರುಗಳಲ್ಲಿ ಗುಟ್ಟಾಗಿ ತೋರಿಸಿ, ಪ್ರೇಕ್ಷಕರಿಂದ ಅಭಿಪ್ರಾಯದ ಚೀಟಿ ಬರೆಸಿಕೊಳ್ಳುವುದು ವಾಡಿಕೆ. ಅರ್ವಿನ್‌ನ ಕರಾರಿನ ಆರು ತಿಂಗಳು ಮುಗಿದಿತ್ತು; ಈ ಆಟದವರೆಗೆ ಮಾತ್ರ ಅದನ್ನು ಎಳೆದಿದ್ದರು. ಹಾಲ್‌ಸ್ಟೆಡ್ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಅರ್ವಿನ್ ಮತ್ತು ಡೆಲ್ಫಾ ಅವನಿಂದ ಆರು ಸಾಲು ಮುಂದೆ.

ಚಿತ್ರ ಶುರುವಾದಾಗಿನಿಂದ ಮಂದಿರದ ತುಂಬ ಹುರಿದ ಜೋಳದ ಪೊಟ್ಟಣಗಳ ಸರಸರ ಸದ್ದು. ಪ್ರೇಮದ ದೃಶ್ಯದಲ್ಲೂ ಅದು ನಿಲ್ಲಲಿಲ್ಲ, ಗುಂಡು ಹಾರಿದಾಗಲೂ ನಿಲ್ಲಲಿಲ್ಲ. ಬಸ್ ನಿಲ್ದಾಣದ ಹೋಟೆಲು ಬಂತು. ಪರದೆಯ ಮೇಲಿನವನು ತಟ್ಟೆಗೆ ಕೈ ಬಳಸಿದ. ಮುಂದಿನ ಸಾಲಿನಲ್ಲೊಂದು ಪೊಟ್ಟಣ ಸುಮ್ಮನಾಯಿತು, ಅದರಾಚೆ ಇನ್ನೊಂದು. ಆ ದೊಡ್ಡ ಕತ್ತಲೆಯಲ್ಲಿ ಅಗಿಯುತ್ತಿದ್ದವನು ಪರದೆಯ ಮೇಲಿನವನೊಬ್ಬನೇ. ಅಧಿಕಾರಿ ಎರಡನೆಯ ಪ್ರಶ್ನೆಗೆ ಬಾಯಿ ತೆರೆದಾಗ, ಎಲ್ಲೋ ಬಲಗಡೆಯಿಂದ ಒಬ್ಬ ಮುದುಕಿಯ ಗದರಿಕೆ ಕೇಳಿಬಂತು:

"ತಿನ್ನೋವಾಗ ಆದ್ರೂ ಅವನ ಪಾಡಿಗೆ ಅವನ್ನ ಬಿಡೋ!"

ಯಾರೂ ನಗಲಿಲ್ಲ. ಡೆಲ್ಫಾ ಗಂಡನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅವಳ ಉಂಗುರದ ಗುರುತು ಅವನ ಬೆರಳಿನ ಮೇಲೆ ಬಿದ್ದಿತ್ತು.

ಆಟ ಮುಗಿದ ಮೇಲೆ ಹಾಲ್‌ಸ್ಟೆಡ್ ಹೊರಗಿನ ಹಜಾರದಲ್ಲಿ ನಿಂತು ಚೀಟಿಗಳನ್ನು ಓದುತ್ತಿದ್ದ. ಗುಂಡಗಿನ ಗಿಡ್ಡ ಮನುಷ್ಯ. ಬಾಯಲ್ಲಿ ಹಚ್ಚದ ಚುಟ್ಟ.

"'ಪೈ ತಿನ್ನೋನು ಯಾರು?' 'ಪೈ ತಿನ್ನೋನಿಗೆ ಮುಂದೇನಾಯ್ತು?' 'ಆ ಜೇಬಿನೊಳಗಿನದ್ದು ಅವನು ಯಾವಾಗ ತಿಂದ?' ಇಷ್ಟು ಖರ್ಚು ಮಾಡಿ ಊರು ಸುಟ್ಟು ತೋರಿಸಿದೀನಿ ಕೊನೇಲಿ, ಅದರ ಬಗ್ಗೆ ಒಬ್ರೂ ಬರೆದಿಲ್ಲ!" ಎಂದು ತಲೆಯೆತ್ತಿದ. ಅರ್ವಿನ್ ಎದುರಿಗೇ ನಿಂತಿದ್ದ. "ಸ್ಕಾಗ್ಸ್. ಇನ್ನಾರು ತಿಂಗಳು ಇರು. ನಾಳೆ ಆಫೀಸಿಗೆ ಬಂದು ಸಹಿ ಹಾಕು."

ಇದಕ್ಕಾಗಿಯೇ ಅರ್ವಿನ್ ಬಂದದ್ದು. ವಂದನೆ ಹೇಳಲು ಬಾಯಿ ತೆರೆದ. ಆದರೆ ಬಂದದ್ದು ಬೇರೆಯೇ ಮಾತು.

"ಇಲ್ಲ ಸಾರ್."

"ಏನಿಲ್ಲ?"

"ಆರು ತಿಂಗಳು ಆಗಲ್ಲ. ಮುಂದಿನ ಬಾಗಿಲು ತೆರೆಯುತ್ತೋ ಇಲ್ವೋ ಅಂತ ನೋಡ್ಕೊಂಡೇ ಇಷ್ಟು ವರ್ಷ ಉಂಡಿದೀನಿ. ಸಾಕು. ಮೂರು ವರ್ಷ ಬರೀರಿ. ನಡುವೆ ಕೈಬಿಡೋ ಮಾತು ಅದರಲ್ಲಿರಬಾರದು."

ಹಜಾರದಲ್ಲಿದ್ದ ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಲ್‌ಸ್ಟೆಡ್ ಚುಟ್ಟವನ್ನು ಬಾಯಿಂದ ತೆಗೆದ.

"ಕೊಡಲ್ಲ ಅಂದ್ರೆ?"

"ಪೈ ತಿನ್ನೋನು ಎಲ್ಲಿದಾನೆ ಅಂತ ಜನ ಕೇಳ್ತಾರಲ್ಲ, ಅವರಿಗೆ ನೀವೇ ಉತ್ರ ಕೊಡಿ."

ಅಷ್ಟರಲ್ಲಿ ಒಳಗೆ ಗದರಿದ್ದ ಮುದುಕಿ ಕೋಲೂರಿಕೊಂಡು ಹೊರಗೆ ಬಂದಳು. ಅರ್ವಿನ್‌ನನ್ನು ಕಂಡು ಥಟ್ಟನೆ ನಿಂತು, ಮೇಲಿಂದ ಕೆಳಗಿನವರೆಗೆ ನೋಡಿ, ಅವನ ತೋಳು ಹಿಡಿದುಕೊಂಡಳು. "ಬಸ್ ಸಿಗ್ತಾ ಮಗಾ?" ಎಂದು ಕೇಳಿದಳು.

"ಸಿಕ್ತಮ್ಮಾ," ಎಂದ ಅರ್ವಿನ್.

ಹಾಲ್‌ಸ್ಟೆಡ್ ಮುದುಕಿಯನ್ನೂ ಕೈಯಲ್ಲಿದ್ದ ಚೀಟಿಗಳ ಕಂತೆಯನ್ನೂ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ. "ಮೂರು ವರ್ಷ ಬರ್ಕೊಳ್ರಯ್ಯಾ," ಎಂದು ಪಕ್ಕದವನಿಗೆ ಹೇಳಿದ. "ಈತ ಇನ್ನೂ ಏನಾದ್ರೂ ಕೇಳೋಕೆ ಮುಂಚೆ ಬರ್ಕೊಳ್ಳಿ."

ಹಿಂತಿರುಗುವಾಗ ಕಾರು ನಡೆಸಿದವಳು ಡೆಲ್ಫಾ. ರಸ್ತೆಯ ಎರಡೂ ಬದಿಯಲ್ಲಿ ಕಿತ್ತಳೆ ಹೂವಿನ ಪರಿಮಳ.

"ಐದು ಅಂತ ಕೇಳ್ಬೇಕಿತ್ತು ನೀನು," ಎಂದಳು.

"ಐದು ಅನ್ನೋಕೇ ಹೊರಟಿದ್ದೆ ಕಣೇ. ನಾಲಿಗೆ ಮೂರಕ್ಕೇ ನಿಂತ್ಬಿಡ್ತು."

ಡೆಲ್ಫಾ ನಗತೊಡಗಿದಳು. ನಗು ತಡೆಯಲಾಗದೆ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಹಿಂದೆ ಬರುತ್ತಿದ್ದ ಕಿತ್ತಳೆಯ ಲಾರಿಯವನು ಏನೋ ಅನಾಹುತವಾಗಿದೆಯೆಂದು ಇಳಿದು ಓಡಿಬಂದ. ಕಿಟಕಿಯೊಳಗೆ ಬಗ್ಗಿ ನೋಡಿದರೆ ಗಂಡ ಹೆಂಡತಿ ಇಬ್ಬರೂ ಕಣ್ಣೀರು ಒರೆಸಿಕೊಳ್ಳುತ್ತ ನಗುತ್ತಿದ್ದರು. ಅವನೂ, ಏಕೆಂದು ತಿಳಿಯದೆಯೇ, ಅವರೊಡನೆ ನಗತೊಡಗಿದ.